ಮೋಟಾರಿನ ಮುಳ್ಳು, ಹೀಟರಿನ ಮುಳ್ಳು

ಹೊಳೆನರಸೀಪುರದ ಸುತ್ತಮುತ್ತಲ ತೋಟಗಳಲ್ಲಿ ಯಾವ ಮೋಟಾರ್ ಮನೆಯ ಬಾಗಿಲು ತಳ್ಳಿದರೂ ಗೋಡೆಗೆ ಬಡಿದ ಒಂದು ತಗಡಿನ ಪೆಟ್ಟಿಗೆ ಕಾಣುತ್ತದೆ. ಅದರ ಮೇಲೆ ಎರಡು ಗಾಜಿನ ಮುಖ. ಒಂದು ವೋಲ್ಟ್ ಮೀಟರ್, ಇನ್ನೊಂದು ಆಂಪ್ ಮೀಟರ್. ಧೂಳು ಕೂತಿರಲಿ, ಗಾಜು ಸೀಳಿರಲಿ, ಆ ಮುಳ್ಳುಗಳ ಕಡೆ ನೋಡದೆ ಹಸಿರು ಗುಂಡಿ ಒತ್ತುವ ರೈತ ಅಪರೂಪ. ಮೂರು ಫೇಸೂ ಬಂದಿದೆಯೇ ಎಂದು ಸ್ವಿಚ್ ತಿರುಗಿಸಿ ಒಂದೊಂದನ್ನೇ ನೋಡುತ್ತಾನೆ. ಮುಳ್ಳು 400ರ ಆಸುಪಾಸು ನಿಂತರೆ ಸರಿ. 340ಕ್ಕೆ ಇಳಿದಿದ್ದರೆ, "ವೋಲ್ಟೇಜ್ ಇಲ್ಲ ಕಣಣ್ಣ, ಈಗ ಹಾಕುದ್ರೆ ಮೋಟ್ರು ಸುಟ್ಟೋಯ್ತದೆ" ಎಂದು ಪಕ್ಕದ ತೋಟಕ್ಕೆ ಕೂಗಿ ಹೇಳಿ ಬದುವಿನ ಮೇಲೆ ಕೂರುತ್ತಾನೆ.

ಈ ಓದಿನ ಹಿಂದೆ ಗಟ್ಟಿಯಾದ ತರ್ಕವಿದೆ. ಎಚ್‌ಪಿಗೆ ಒಂದೂವರೆ ಆಂಪ್, ಅಂದರೆ ಐದು ಎಚ್‌ಪಿ ಮೋಟಾರಿಗೆ ಏಳೂವರೆ ಎಂಬ ಲೆಕ್ಕ ವೈಂಡಿಂಗ್ ಅಂಗಡಿಯಿಂದ ತೋಟದವರೆಗೆ ಎಲ್ಲರಿಗೂ ಬಾಯಿಪಾಠ. ಮೋಟಾರಿಗೆ ಒಂದು ಕೆಲಸ ಒಪ್ಪಿಸಿದೆ: ಇಷ್ಟು ಆಳದಿಂದ ನೀರೆತ್ತಬೇಕು. ವೋಲ್ಟೇಜು ಇಳಿದರೂ ಹೊರೆ ಅಷ್ಟಾಗಿ ಇಳಿಯುವುದಿಲ್ಲ. ಆಗ ಮೋಟಾರು ಹೆಚ್ಚು ಆಂಪ್ ಎಳೆದು ಕೊರತೆ ತುಂಬಿಕೊಳ್ಳಲು ನೋಡುತ್ತದೆ. ಹಾಗೆ ಎಳೆದ ಪ್ರವಾಹವೇ ತಾಮ್ರದ ಸುತ್ತನ್ನು ಕಾಯಿಸಿ ವಾರ್ನಿಷ್ ಸುಡುತ್ತದೆ. ಮೂರರಲ್ಲಿ ಒಂದು ಫೇಸ್ ಹೋದರೆ ಉಳಿದೆರಡರ ಮೇಲೆ ಭಾರ ಬಿದ್ದು ಅಲ್ಲಿಯೂ ಆಂಪ್ ಏರುತ್ತದೆ. ಬೋರಿನಲ್ಲಿ ನೀರು ತಳ ಕಂಡರೆ ಎತ್ತುವುದಕ್ಕೇ ಏನೂ ಇಲ್ಲ, ಮುಳ್ಳು ಸರ್ರನೆ ಕೆಳಗೆ ಬರುತ್ತದೆ. ಹೀಗೆ ಮೂರು ಪಾಠ: ವೋಲ್ಟ್ ಇಳಿದರೆ ಆಂಪ್ ಏರುತ್ತದೆ, ಆಂಪ್ ಏರಿದರೆ ಅಪಾಯ, ನೀರಿಲ್ಲದಿದ್ದರೆ ಆಂಪ್ ಇಳಿಯುತ್ತದೆ. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಇದು ಎರಡು ಮೂರು ತಲೆಮಾರಿನಿಂದ ಕಲಿತ ವಿದ್ಯೆ.

ಇದೇ ಕಣ್ಣನ್ನು ಹಿತ್ತಿಲ ಶೆಡ್ಡಿನಲ್ಲಿರುವ ಒಂದು ಸಣ್ಣ ಬಟ್ಟಿ ಪಾತ್ರೆಯ ಮೇಲೆ ಇಟ್ಟರೆ ಮೂರೂ ಪಾಠ ತಪ್ಪಾಗುತ್ತವೆ. ಈ ಲೇಖನದ ವಿಷಯ ಅಷ್ಟೇ.

ಬಟ್ಟಿ ಎಂದ ಕೂಡಲೇ ಹುಬ್ಬೇರಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಮದ್ಯ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಒಂದು ಕಾಲಕ್ಕೆ ಸರ್ಕಾರದ ಪರವಾನಗಿಯಲ್ಲಿ ಮಾರಾಟವಾಗುತ್ತಿದ್ದ ಸಾರಾಯಿಯೂ 2007ರ ಜುಲೈ 1ರಿಂದ ರಾಜ್ಯದಲ್ಲಿ ನಿಷಿದ್ಧ. ಇಲ್ಲಿ ಹೇಳುತ್ತಿರುವುದು ಕಾನೂನಿನ ಕಣ್ಣಿಗೆ ನಿರುಪದ್ರವಿಯಾದ ಎರಡು ಕೆಲಸಗಳ ಮಾತು. ಒಂದು, ಇನ್ವರ್ಟರ್ ಬ್ಯಾಟರಿಗೆ ಬೇಕಾದ ಡಿಸ್ಟಿಲ್ಡ್ ವಾಟರ್. ಇನ್ನೊಂದು, ಬದುವಿನ ಮೇಲೆ ನೆಟ್ಟ ನಿಂಬೆಹುಲ್ಲಿನಿಂದ ಎಣ್ಣೆ. ನೂರು ಕೆ.ಜಿ. ಹಸಿ ಹುಲ್ಲಿಗೆ ಅರ್ಧ ಕೆ.ಜಿ. ಎಣ್ಣೆ ಸಿಕ್ಕರೆ ಅದೇ ಹೆಚ್ಚು. ಹತ್ತು ಕೆ.ಜಿ. ಹುಲ್ಲು ತುಂಬುವ ಮನೆ ಪಾತ್ರೆಯಲ್ಲಿ ಮೂವತ್ತು, ನಲವತ್ತು ಮಿಲಿಲೀಟರ್ ಕಂಡರೆ ಸಂತೋಷಪಡಬೇಕು. ಇಷ್ಟು ಸಣ್ಣ ಫಸಲಿಗೆ ಆವಿಯ ಹದ ತಪ್ಪುವುದೇ ದೊಡ್ಡ ನಷ್ಟ.

ಸೌದೆ ಒಲೆಯ ಕಾಲದಲ್ಲಿ ಹದವೆಂದರೆ ಒಲೆಯ ಮುಂದೆ ಕೂತವನ ಅನುಭವ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಗಂಧದೆಣ್ಣೆಯ ಕಾರ್ಖಾನೆ ಕಟ್ಟಿದರಲ್ಲ, ಅದಕ್ಕೂ ಮೊದಲು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಸಡ್‌ಬರೋ ಮತ್ತು ವ್ಯಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆ ತೆಗೆದು ನೋಡಿದ್ದರು. ಕಾರ್ಖಾನೆ ಎಂದ ಮೇಲೆ ಬಾಯ್ಲರ್ ಇರುತ್ತದೆ, ಬಾಯ್ಲರಿನ ಮೇಲೆ ಒತ್ತಡ ತೋರಿಸುವ ಗೇಜ್ ಇರುತ್ತದೆ, ಅದನ್ನು ನೋಡಿಕೊಳ್ಳಲು ಆಳು ಇರುತ್ತಾನೆ. ಮನೆಯ ಪಾತ್ರೆಗೆ ಇವು ಯಾವುವೂ ಇಲ್ಲ. ಇರುವುದು 2000 ವ್ಯಾಟಿನ ಒಂದು ಹೀಟರ್ ಕಾಯಿಲ್, ಹೆಚ್ಚು ಕಡಿಮೆ ಮಾಡಲು ಒಂದು ತಿರುಗಣೆ.

ಇಲ್ಲಿ ಬಹಳ ಜನ ಮೊದಲು ಹುಡುಕುವುದು ಥರ್ಮೋಸ್ಟಾಟ್. ಗೀಸರ್‌ಗೆ ಇದೆಯಲ್ಲ, ಇದಕ್ಕೂ ಹಾಕಿದರಾಯಿತು ಎಂದು. ಆದರೆ ಕುದಿಯುವ ನೀರಿಗೆ ಥರ್ಮೋಸ್ಟಾಟಿನಿಂದ ಉಪಯೋಗವಿಲ್ಲ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 100ಕ್ಕಲ್ಲ, 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಗುಂಡಿಯನ್ನು 100ಕ್ಕೆ ಇಟ್ಟರೆ ಅದು ಎಂದೂ ಆಫ್ ಆಗುವುದಿಲ್ಲ, 95ಕ್ಕೆ ಇಟ್ಟರೆ ನೀರು ಎಂದೂ ಕುದಿಯುವುದಿಲ್ಲ. ಒಮ್ಮೆ ಕುದಿ ಹತ್ತಿದ ಮೇಲೆ 500 ವ್ಯಾಟ್ ಕೊಟ್ಟರೂ 97, 2000 ವ್ಯಾಟ್ ಕೊಟ್ಟರೂ 97. ಬದಲಾಗುವುದು ಆವಿಯ ಪ್ರಮಾಣ ಒಂದೇ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2257 ಕಿಲೋಜೌಲ್ ಶಾಖ ಬೇಕು. ಆ ಲೆಕ್ಕದಲ್ಲಿ 2000 ವ್ಯಾಟ್ ಪೂರ್ತಿ ನೀರಿಗೇ ಹೋದರೆ ಗಂಟೆಗೆ 3.2 ಲೀಟರ್ ಆವಿ. ಅಂದರೆ ಬಟ್ಟಿಯ ಹದ ಇರುವುದು ಡಿಗ್ರಿಯಲ್ಲಲ್ಲ, ವ್ಯಾಟಿನಲ್ಲಿ. ವ್ಯಾಟ್ ತಿಳಿಯಬೇಕಾದರೆ ವೋಲ್ಟ್ ಬೇಕು, ಆಂಪ್ ಬೇಕು. ಬಾಯ್ಲರಿನ ಗೇಜ್ ಮಾಡುತ್ತಿದ್ದ ಕೆಲಸವನ್ನು ಈಗ ಈ ಎರಡು ಅಂಕಿ ಮಾಡಬೇಕು.

ತಂತಿಯಲ್ಲಿ ಹರಿಯುವ ವಿದ್ಯುತ್ತು ಎಷ್ಟು ಶಾಖ ಹುಟ್ಟಿಸುತ್ತದೆ ಎಂಬ ಸೂತ್ರವನ್ನು 1841ರಲ್ಲಿ ಪ್ರಕಟಿಸಿದ ಜೇಮ್ಸ್ ಪ್ರೆಸ್ಕಾಟ್ ಜೌಲ್, ಇಂಗ್ಲೆಂಡಿನ ಸಾಲ್‌ಫರ್ಡ್‌ನ ಒಬ್ಬ ಬಿಯರ್ ತಯಾರಕರ ಮಗ. ಪಾತ್ರೆ, ಶಾಖ, ಥರ್ಮಾಮೀಟರ್ ಆತನಿಗೆ ಮನೆಯ ಕಸುಬಿನ ಸಾಮಾನುಗಳು. ಅವನ ಸೂತ್ರದ ಸಾರ: ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಹೀಟರಿನ ತಂತಿಯ ರೋಧ ಹೆಚ್ಚು ಬದಲಾಗದೆ ಇರುವುದರಿಂದ ವೋಲ್ಟಿಗೂ ಅದೇ ವರ್ಗದ ಲೆಕ್ಕ. ಇಲ್ಲೇ ಮೋಟಾರಿನ ಪಾಠ ತಲೆಕೆಳಗಾಗುವುದು. ಕಾಯಿಲ್‌ಗೆ ಯಾವ ಕೆಲಸವನ್ನೂ ಯಾರೂ ಒಪ್ಪಿಸಿಲ್ಲ. ವೋಲ್ಟ್ ಇಳಿದರೆ ಅದು ಹೆಚ್ಚು ಎಳೆಯುವುದಿಲ್ಲ, ಸುಮ್ಮನೆ ಕಡಿಮೆ ಎಳೆಯುತ್ತದೆ. ಎರಡೂ ಮುಳ್ಳು ಒಟ್ಟಿಗೇ ಇಳಿಯುತ್ತವೆ, ಒಟ್ಟಿಗೇ ಏರುತ್ತವೆ.

ಅಂಕಿಗಳನ್ನೇ ನೋಡಿ. 230 ವೋಲ್ಟಿಗೆ 2000 ವ್ಯಾಟ್ ಎಂದು ಬರೆದ ಕಾಯಿಲಿನ ರೋಧ ಸುಮಾರು 26.5 ಓಮ್, ಅದು ಎಳೆಯುವುದು 8.7 ಆಂಪ್. ಸಾಲಿನ ಕೊನೆಯ ಮನೆಗೆ ಸಂಜೆ 180 ವೋಲ್ಟ್ ಬಂತು ಎನ್ನಿ. ಆಂಪ್ 6.8ಕ್ಕೆ ಇಳಿಯುತ್ತದೆ, ವ್ಯಾಟ್ 1225ಕ್ಕೆ. ವೋಲ್ಟೇಜಿನಲ್ಲಿ ಶೇ 22ರಷ್ಟು ಕೊರತೆ, ಶಾಖದಲ್ಲಿ ಶೇ 39ರಷ್ಟು. ಹತ್ತು ಲೀಟರ್ ನೀರು ಕುದಿ ಹತ್ತಲು 25 ನಿಮಿಷ ಸಾಕಿದ್ದದ್ದು 41 ನಿಮಿಷವಾಗುತ್ತದೆ. ಕುದಿ ಹತ್ತಿದ ಮೇಲೆ ಆವಿಯ ಪಾಡು ಇನ್ನೂ ಕಷ್ಟ. ಪಾತ್ರೆಯ ಮೈಯಿಂದ ಗಾಳಿಗೆ ಹೋಗುವ ಶಾಖ, ಒಂದು 250 ವ್ಯಾಟ್ ಇಟ್ಟುಕೊಳ್ಳಿ, ವೋಲ್ಟೇಜು ಇಳಿಯಿತೆಂದು ರಿಯಾಯಿತಿ ಕೊಡುವುದಿಲ್ಲ. ಅದನ್ನು ಕಳೆದರೆ ಉಳಿದದ್ದರಲ್ಲಿ ಗಂಟೆಗೆ ಒಂದೂವರೆ ಲೀಟರ್ ಆವಿ ಹೊರಟರೆ ಹೆಚ್ಚು. ಸರಿರಾತ್ರಿ ಊರೆಲ್ಲ ಮಲಗಿ ಲೈನು 250ಕ್ಕೆ ಏರಿತು ಎಂದರೆ ಅದೇ ಕಾಯಿಲ್ 2360 ವ್ಯಾಟ್ ಕೊಡುತ್ತದೆ. ತಿರುಗಣೆ ಮಾತ್ರ ಸಂಜೆ ಇಟ್ಟ ಜಾಗದಲ್ಲೇ ಇರುತ್ತದೆ.

ಹೀಗೆ ಏರಿಳಿದರೆ ಏನಾಗುತ್ತದೆ? ಆವಿಯನ್ನು ನೀರಾಗಿಸುವ ತಣಿಸುವ ಸುರುಳಿಗೆ ಒಂದು ಮಿತಿ ಇದೆ. 2000 ವ್ಯಾಟಿನ ಆವಿಯನ್ನು ತಣಿಸಲು, ನೀರು 20 ಡಿಗ್ರಿಯಷ್ಟು ಬಿಸಿಯಾಗಿ ಹೊರಬರಲು ಬಿಟ್ಟರೆ, ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ತಣ್ಣೀರು ಹರಿಯಬೇಕು. ಟ್ಯಾಂಕಿನ ನಲ್ಲಿಯನ್ನು ಅಷ್ಟಕ್ಕೇ ತಿರುಗಿಸಿಟ್ಟಿರುತ್ತೇವೆ. ಶಾಖ ಹೆಚ್ಚಿದಾಗ ಆವಿ ತಣಿಯದೆ ಕೊಳವೆಯ ತುದಿಯಿಂದ ಹೊರಗೆ ಹೋಗುತ್ತದೆ, ಜೊತೆಗೆ ನಿಂಬೆಹುಲ್ಲಿನ ಎಣ್ಣೆಯೂ. ಶೆಡ್ಡೆಲ್ಲ ಘಮ್ಮೆಂದರೆ ಖುಷಿಪಡಬಾರದು, ಶೀಶೆಗೆ ಬೀಳಬೇಕಾದದ್ದು ಗಾಳಿಗೆ ಹೋಗುತ್ತಿದೆ ಎಂದರ್ಥ. ಶಾಖ ತೀರಾ ತಗ್ಗಿದರೆ ಪಾತ್ರೆಯೊಳಗಿನ ಆವಿ ಕುಗ್ಗುತ್ತದೆ. ಕೊಳವೆಯ ತುದಿ ಶೀಶೆಯ ನೀರಿನಲ್ಲಿ ಮುಳುಗಿದ್ದರೆ ಇಳಿದದ್ದನ್ನೆಲ್ಲ ಮತ್ತೆ ಒಳಗೆ ಹೀರಿಕೊಳ್ಳುತ್ತದೆ. ಬ್ಯಾಟರಿ ನೀರು ಇಳಿಸುವಾಗಿನ ಕಷ್ಟವೇ ಬೇರೆ. ಕುದಿ ಜೋರಾದರೆ ನೊರೆಯ ಹನಿಗಳು ಆವಿಯ ಜೊತೆ ಹಾರಿ ಬೋರ್ ನೀರಿನ ಲವಣವನ್ನೂ ಆಚೆಗೆ ಸಾಗಿಸುತ್ತವೆ, ಇಳಿಸಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ.

ಲೈನು ಯಾಕೆ ಹೀಗೆ ಕುಣಿಯುತ್ತದೆ ಎಂಬುದನ್ನು ಈ ಸೀಮೆಯವರಿಗೆ ವಿವರಿಸಬೇಕಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ಮನೆಯ ವೋಲ್ಟೇಜು ಘೋಷಿತ ಮಟ್ಟದಿಂದ ಶೇ 6ಕ್ಕಿಂತ ಆಚೀಚೆ ಹೋಗಬಾರದೆಂದು ಬರೆದಿತ್ತು. ನಿಯಮ ಕಾಗದದ ಮೇಲಿತ್ತು, ಟಿಸಿ ಎಂದು ಕರೆಯುವ ಟ್ರಾನ್ಸ್‌ಫಾರ್ಮರ್ ಹೊಲದಲ್ಲಿತ್ತು. ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, ಆಮೇಲೆ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಪಾಲಿಗೆ ಹಾಸನ ಜಿಲ್ಲೆ ಸೇರಿತು. ಈಗಲೂ ಹಳ್ಳಿಯ ಬಾಯಲ್ಲಿ ಅದು ಕೆಇಬಿಯೇ. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ಟಿಗೊಂದು, ಮನೆಗಳಿಗೊಂದು ಎಂದು ಫೀಡರ್ ಬೇರೆ ಮಾಡಿದ ಕಡೆ ಪರಿಸ್ಥಿತಿ ಸುಧಾರಿಸಿದೆ. ಹಾಗಾಗದ ಕಡೆ, ತೋಟದ ಮನೆಗೆ ಪಂಪ್‌ಸೆಟ್ ಲೈನೇ ಗತಿಯಾದ ಕಡೆ, ಮೂರು ಫೇಸ್ ಬಿಟ್ಟ ಕೂಡಲೇ ಹತ್ತಾರು ಮೋಟಾರು ಒಟ್ಟಿಗೆ ಹೊರಟು ಬಲ್ಬು ಮಂಕಾಗುತ್ತದೆ. ಬಟ್ಟಿ ಕುದಿಯುತ್ತಿದ್ದರೆ ಕುದಿ ನಿಲ್ಲುವುದೂ ಆಗಲೇ.

ಇನ್ನು ತಿರುಗಣೆಯ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು, ಏಕೆಂದರೆ ಮೀಟರ್ ಇಟ್ಟುಕೊಂಡವರೂ ಎಡವುವುದು ಇಲ್ಲಿಯೇ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಈಗ ಆನ್‌ಲೈನಿನಲ್ಲೂ, ನಾಲ್ಕು ಸಾವಿರ ವ್ಯಾಟ್ ತಡೆಯುತ್ತದೆ ಎಂದು ಮಾರುವ ಅಂಗೈಯಗಲದ ರೆಗ್ಯುಲೇಟರ್ ಹಲಗೆಗಳು ಸಿಗುತ್ತವೆ. ಒಳಗಿರುವುದು ಟ್ರಯಾಕ್ ಅಥವಾ ಎಸ್‌ಸಿಆರ್. ಇದು ವೋಲ್ಟೇಜನ್ನು ನಯವಾಗಿ ತಗ್ಗಿಸುವುದಿಲ್ಲ. ಸೆಕೆಂಡಿಗೆ ಐವತ್ತು ಸಲ ಏರಿಳಿಯುವ ಅಲೆಯ ಪ್ರತಿ ಅರ್ಧದಲ್ಲೂ ಸ್ವಲ್ಪ ಹೊತ್ತು ಬಾಗಿಲು ಮುಚ್ಚಿಟ್ಟು ಆಮೇಲೆ ತೆರೆಯುತ್ತದೆ. ಕಾಯಿಲಿಗೆ ಸಿಗುವುದು ಕತ್ತರಿಸಿದ ಅಲೆಯ ತುಂಡು. ಪಕ್ಕದಲ್ಲಿ ಹಳೆಯ ರೇಡಿಯೊ ಇದ್ದರೆ, ಮೀಡಿಯಂ ವೇವಿನ 612ರಲ್ಲಿ ಬೆಂಗಳೂರು ಆಕಾಶವಾಣಿ ಹಾಕಿ ನೋಡಿ, ಕತ್ತರಿ ಆಡುವ ಸದ್ದು ಗರ್ರೆಂದು ಕೇಳುತ್ತದೆ.

ಈ ತುಂಡು ಅಲೆಯನ್ನು ಅಗ್ಗದ ಮಲ್ಟಿಮೀಟರಿನಿಂದ ಅಳೆದರೆ ಸುಳ್ಳು ಅಂಕಿ ಬರುತ್ತದೆ. ಆ ಮೀಟರು ಅಲೆಯ ಸರಾಸರಿಯನ್ನು ಹಿಡಿದು, ಅಲೆ ಪೂರ್ಣವಾಗಿದೆ ಎಂದು ನಂಬಿ, 1.11ರಿಂದ ಗುಣಿಸಿ ತೋರಿಸುತ್ತದೆ. ತಿರುಗಣೆ ಸರಿಯಾಗಿ ಅರ್ಧ ಅಲೆ ಕತ್ತರಿಸುವಂತೆ ಇಟ್ಟಿದೆ ಎನ್ನಿ. ಕಾಯಿಲಿಗೆ ನಿಜವಾಗಿ ಸಿಗುವ ಪರಿಣಾಮಕಾರಿ ವೋಲ್ಟೇಜು 163. ಅಗ್ಗದ ಮೀಟರು ತೋರಿಸುವುದು 115. ಅದನ್ನು ನಂಬಿ ಲೆಕ್ಕ ಹಾಕಿದವರಿಗೆ 500 ವ್ಯಾಟ್ ಸಿಗುತ್ತದೆ, ಪಾತ್ರೆಗೆ ಹೋಗುತ್ತಿರುವುದು 1000. ಒಂದಕ್ಕೆ ಎರಡು! ಮೀಟರಿನ ಮೇಲೆ ಟ್ರೂ ಆರ್‌ಎಂಎಸ್ ಎಂದು ಬರೆದಿದೆಯೇ ಎಂದು ನೋಡಿ ಕೊಳ್ಳಿ ಎನ್ನುವುದು ಇದಕ್ಕೇ. ಆ ಮೂರು ಅಕ್ಷರಕ್ಕೆ ಹೆಚ್ಚು ಕೊಡುವ ದುಡ್ಡು ದಂಡವಲ್ಲ.

ಎಲ್ಲಿ ಅಳೆಯುತ್ತೀರಿ ಎಂಬುದೂ ಅಷ್ಟೇ ಮುಖ್ಯ. ವೋಲ್ಟ್ ಮೀಟರಿನ ತಂತಿಯನ್ನು ರೆಗ್ಯುಲೇಟರಿಗೆ ಮುಂಚೆ ಕೊಟ್ಟರೆ ಅದು ಲೈನಿನ ಸುದ್ದಿ ಹೇಳುತ್ತದೆ, ನಂತರ ಕೊಟ್ಟರೆ ಕಾಯಿಲಿನ ಸುದ್ದಿ. ಮುಂಚೆ ಕೊಟ್ಟು 230 ಓದಿ, ಆಂಪ್ ಮೀಟರಿನಲ್ಲಿ 6.15 ಓದಿ, ಎರಡನ್ನೂ ಗುಣಿಸಿದರೆ 1414 ಬರುತ್ತದೆ. ಅದು ಶಾಖವಲ್ಲ. ಬಾಗಿಲು ಮುಚ್ಚಿದ ಹೊತ್ತಿನಲ್ಲಿ ಲೈನಿನಲ್ಲಿ ವೋಲ್ಟೇಜು ಇರುತ್ತದೆ, ಪ್ರವಾಹ ಇರುವುದಿಲ್ಲ, ಎರಡು ಅಂಕಿಯ ಗುಣಾಕಾರಕ್ಕೆ ಅದು ಗೊತ್ತಾಗುವುದಿಲ್ಲ. ಕ್ಷಣಕ್ಷಣವೂ ಎರಡನ್ನೂ ಒಟ್ಟಿಗೆ ಅಳೆದು ವ್ಯಾಟ್ ತೋರಿಸುವ ಡಿಜಿಟಲ್ ಮೀಟರಾದರೆ ಅದೇ ಜಾಗದಲ್ಲಿ 1000 ಎಂದೇ ತೋರಿಸುತ್ತದೆ, ಪಕ್ಕದಲ್ಲಿ ಪವರ್ ಫ್ಯಾಕ್ಟರ್ 0.71 ಎಂದು. ಲೆಕ್ಕ ತಾಳೆಯಾಗಲಿಲ್ಲವೆಂದು ಮೀಟರನ್ನು ಅಂಗಡಿಗೆ ವಾಪಸು ಒಯ್ಯುವವರಿದ್ದಾರೆ. ಮೀಟರು ಸರಿಯಾಗಿಯೇ ಇರುತ್ತದೆ.

ಕಾಸು ಖರ್ಚಿಲ್ಲದೆ ವ್ಯಾಟ್ ತಿಳಿಯುವ ದಾರಿಯೂ ಒಂದಿದೆ. ಮನೆಯ ಕರೆಂಟ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ, ಒಂದು ಯೂನಿಟ್ಟಿಗೆ ಎಷ್ಟು ಸಲ ಎಂಬ ಅಂಕಿ ಅದರ ಮುಖದ ಮೇಲೇ ಇರುತ್ತದೆ. 3200 ಎಂದಿದ್ದರೆ, ಬೇರೆಲ್ಲ ಆರಿಸಿ ಬಟ್ಟಿಯೊಂದನ್ನೇ ಹಾಕಿದಾಗ ನಿಮಿಷಕ್ಕೆ ಸುಮಾರು 107 ಮಿನುಗು ಎಂದರೆ 2000 ವ್ಯಾಟ್, 53 ಎಂದರೆ 1000. ತಿರುಗಣೆಯ ಸುತ್ತ ಒಂದು ಕಾಗದ ಅಂಟಿಸಿ ಗುರುತು ಹಾಕಿಕೊಳ್ಳಲು ಇದು ಸಾಕು. ಆದರೆ ಆ ಗುರುತು ಅವತ್ತಿನ ವೋಲ್ಟೇಜಿಗೆ ಮಾತ್ರ ನಿಜ. (ಗೃಹಜ್ಯೋತಿಯ ಉಚಿತ ವಿದ್ಯುತ್ತಿನ ಮಿತಿಯೊಳಗೆ ಬದುಕುತ್ತಿರುವ ಮನೆಯವರು ಇನ್ನೊಂದು ಲೆಕ್ಕವನ್ನೂ ಹಾಕಿಕೊಳ್ಳಲಿ: ಪೂರ್ತಿ ಶಾಖದಲ್ಲಿ ನಾಲ್ಕು ಗಂಟೆ ಬಟ್ಟಿ ಎಂದರೆ ಎಂಟು ಯೂನಿಟ್.)

ಆಂಪ್ ಅಳೆಯಲು ಈಗ ತಂತಿ ಕತ್ತರಿಸಬೇಕಿಲ್ಲ. ಸಿಟಿ ಎಂದು ಕರೆಯುವ ಉಂಗುರದೊಳಗೆ ಫೇಸ್ ತಂತಿಯನ್ನು ತೂರಿಸಿದರೆ ಸಾಕು. ಲೈನ್‌ಮನ್ ಹಿಡಿದಿರುವ ಟಾಂಗ್ ಟೆಸ್ಟರಿನ ಬಾಯೊಳಗೂ ಇರುವುದು ಇದೇ. ಫೇಸ್, ನ್ಯೂಟ್ರಲ್ ಎರಡೂ ಸೇರಿದ ಕೇಬಲನ್ನೇ ತೂರಿಸಿದರೆ ಸೊನ್ನೆ ಬರುತ್ತದೆ, ಹೋದ ಪ್ರವಾಹವೂ ಮರಳಿದ ಪ್ರವಾಹವೂ ಒಂದನ್ನೊಂದು ಅಳಿಸಿಹಾಕುತ್ತವೆ. ಹೀಟರು ಕೆಂಡದಂತೆ ಕಾಯುತ್ತಿದ್ದರೂ ಮೀಟರ್ ಸೊನ್ನೆ ತೋರಿಸುತ್ತಿದ್ದರೆ ಮೊದಲು ಇದನ್ನು ನೋಡಬೇಕು. ನೂರು ಆಂಪಿನ ಉಂಗುರದಲ್ಲಿ ಒಂದೆರಡು ಆಂಪ್ ಸ್ಪಷ್ಟವಾಗಿ ಕಾಣದಿದ್ದರೆ ತಂತಿಯನ್ನು ಎರಡು ಸುತ್ತು ಹಾಕಿ, ಬಂದ ಅಂಕಿಯನ್ನು ಎರಡರಿಂದ ಭಾಗಿಸಿದರಾಯಿತು.

ವೋಲ್ಟ್, ಆಂಪ್ ಎರಡೂ ಕಾಯಿಲಿನ ಕಡೆಯಿಂದ ಸಿಕ್ಕವು ಎನ್ನೋಣ. ಗುಣಿಸಿದರೆ ಶಾಖ. ಭಾಗಿಸಿದರೆ ಕಾಯಿಲಿನ ಆರೋಗ್ಯ. ನಮ್ಮ ಕಾಯಿಲ್‌ಗೆ ಉತ್ತರ ಯಾವಾಗಲೂ 26ರ ಆಸುಪಾಸು ಬರಬೇಕು, ತಿರುಗಣೆ ಎಲ್ಲಿದ್ದರೂ ಸರಿ, ಸಂಜೆಯಾದರೂ ಸರಿ, ರಾತ್ರಿಯಾದರೂ ಸರಿ. ನೈಕ್ರೋಮ್ ತಂತಿ ಬಿಸಿಯಾದಾಗ ರೋಧ ಶೇಕಡ ಕೆಲವೇ ಭಾಗದಷ್ಟು ಏರುತ್ತದೆ. ಜೋಡಿ ಕಾಯಿಲಿನ ಪಾತ್ರೆಯಲ್ಲಿ ಉತ್ತರ ಇದ್ದಕ್ಕಿದ್ದಂತೆ ದುಪ್ಪಟ್ಟಾದರೆ ಒಂದು ಸತ್ತಿದೆ. ವೋಲ್ಟೇಜಿದ್ದು ಆಂಪ್ ಸೊನ್ನೆಯಾದರೆ ಕಾಯಿಲ್ ತುಂಡಾಗಿದೆ, ಅಥವಾ ಕಟೌಟ್ ಬಿದ್ದಿದೆ. ತಿರುಗಣೆಯನ್ನು ಕೆಳಗೆ ಇಳಿಸಿದರೂ ಕಾಯಿಲಿನ ಕಡೆ ಪೂರ್ತಿ ವೋಲ್ಟೇಜು ನಿಂತೇ ಇದ್ದರೆ ಟ್ರಯಾಕ್ ಸುಟ್ಟು ಶಾರ್ಟ್ ಆಗಿದೆ. ಟ್ರಯಾಕ್ ಕೆಡುವಾಗ ಸಾಮಾನ್ಯವಾಗಿ ಬಾಗಿಲು ಮುಚ್ಚಿಕೊಂಡು ಕೆಡುವುದಿಲ್ಲ, ತೆರೆದುಕೊಂಡೇ ಕೆಡುತ್ತದೆ. ಆಗ ತಿರುಗಣೆಗೆ ಯಾವ ಅಧಿಕಾರವೂ ಉಳಿದಿರುವುದಿಲ್ಲ. ಅದನ್ನು ಹೇಳಬಲ್ಲ ಸಾಕ್ಷಿ ಮೀಟರ್ ಒಂದೇ. 8.7 ಆಂಪ್ ಹರಿಯುವಾಗ ಟ್ರಯಾಕಿನಲ್ಲೇ ಹತ್ತು ಹನ್ನೆರಡು ವ್ಯಾಟ್ ಶಾಖ ಹುಟ್ಟುತ್ತದೆ. ಹಲಗೆಯ ಜೊತೆ ಕೊಡುವ ಬೆರಳಗಲದ ಅಲ್ಯೂಮಿನಿಯಂ ರೆಕ್ಕೆ ನಾಲ್ಕು ಸಾವಿರ ವ್ಯಾಟಿನ ಭರವಸೆಗೆ ಸಾಲದು. ಫ್ಯಾನಿನ ರೆಗ್ಯುಲೇಟರನ್ನು ಇಂಥ ಕಾಯಿಲ್‌ಗೆ ಕೊಡುವ ಯೋಚನೆಯನ್ನಂತೂ ಮಾಡಲೇಬಾರದು.

ಇನ್ನೊಂದು ಪರೀಕ್ಷೆಯನ್ನು ಪ್ಲಗ್ಗಿನ ಬಳಿ ಮಾಡಬೇಕು. ಹೀಟರ್ ಹಾಕುವ ಮುಂಚೆ 215 ಇದ್ದದ್ದು ಹಾಕಿದ ಮೇಲೆ 200ಕ್ಕೆ ಇಳಿಯಿತು ಎನ್ನಿ. ಎಂಟು ಆಂಪಿನ ಹತ್ತಿರ ಹರಿಯುವಾಗ ಹದಿನೈದು ವೋಲ್ಟ್ ದಾರಿಯಲ್ಲಿ ಬಿದ್ದುಹೋಗಿದೆ, ಅಂದರೆ ಸುಮಾರು 115 ವ್ಯಾಟ್ ಶಾಖ ಪಾತ್ರೆಗೆ ಬಾರದೆ ದಾರಿಯಲ್ಲೇ ಹುಟ್ಟುತ್ತಿದೆ. ಅದು ಟಿಸಿಯಿಂದ ಮನೆಯವರೆಗೆ ಹಂಚಿಹೋಗಿದ್ದರೆ ತಲೆಬಿಸಿ ಬೇಡ. ಒಂದು ಸಡಿಲ ಸಾಕೆಟ್ಟಿನಲ್ಲೇ ಅದರ ಬಹುಪಾಲು ಹುಟ್ಟುತ್ತಿದ್ದರೆ ಪ್ಲಾಸ್ಟಿಕ್ ಕರಗಿದ ವಾಸನೆ ಬರಲು ಹೊತ್ತು ಹಿಡಿಯುವುದಿಲ್ಲ. 2000 ವ್ಯಾಟಿಗೆ 16 ಆಂಪಿನ ಸಾಕೆಟ್ಟೇ ಆಗಬೇಕು, 2.5 ಚದರ ಮಿ.ಮೀ. ತಂತಿಯೇ ಆಗಬೇಕು. ಮೊಬೈಲ್ ಚಾರ್ಜ್ ಮಾಡುವ 6 ಆಂಪಿನ ಪಾಯಿಂಟಿಗೆ ಕನ್ವರ್ಷನ್ ಪ್ಲಗ್ ಸಿಕ್ಕಿಸಿ ಹೀಟರ್ ಹಾಕುವುದು ನಮ್ಮಲ್ಲಿ ಮಾಮೂಲಿ, ತಪ್ಪೂ ಹೌದು.

ಇಷ್ಟೆಲ್ಲ ಹೇಳಬಲ್ಲ ಮೀಟರುಗಳು ಹೇಳಲಾರದ ಸಂಗತಿಗಳೂ ಇವೆ, ಅವು ಸಣ್ಣವಲ್ಲ. ಮೊದಲನೆಯದು ನೀರು. ಬೋರ್ ಬತ್ತಿದರೆ ಮೋಟಾರಿನ ಆಂಪ್ ಇಳಿಯುತ್ತದೆ, ಅದನ್ನೇ ನೋಡಿ ಮೋಟಾರನ್ನು ನಿಲ್ಲಿಸುವ ಡ್ರೈ ರನ್ ಪ್ರಿವೆಂಟರ್ ಸ್ಟಾರ್ಟರುಗಳಲ್ಲಿ ಇದೆ. ಬಟ್ಟಿ ಪಾತ್ರೆಯಲ್ಲಿ ನೀರು ಇಳಿದು ಕಾಯಿಲ್ ಬಯಲಾದರೆ ಆಂಪ್ ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ. ಮೀಟರು ಎಂಟೂವರೆ ತೋರಿಸುತ್ತಿರುವಾಗಲೇ ಒಳಗೆ ಕಾಯಿಲ್ ಕೆಂಪಗಾಗಿ, ಮೇಲಿದ್ದ ಹುಲ್ಲು ಹೊತ್ತಿಕೊಳ್ಳುವ ಮಟ್ಟಕ್ಕೆ ಹೋಗಬಹುದು. ಮೋಟಾರಿನ ಅಭ್ಯಾಸದವರು ಆಂಪ್ ಸರಿಯಾಗಿದೆಯಲ್ಲ ಎಂದು ನೆಮ್ಮದಿಯಾಗಿರುವ ಸಮಯ ಅದು. ಎರಡನೆಯದು ಸುಣ್ಣ. ಗಡಸು ನೀರು ಕಾಯಿಲಿನ ಮೇಲೆ ಬಿಳಿ ಪದರ ಕಟ್ಟುತ್ತಾ ಹೋದಂತೆ ಒಳತಂತಿ ಹೆಚ್ಚು ಹೆಚ್ಚು ಕಾದು ಆಯುಸ್ಸು ಕಳೆದುಕೊಳ್ಳುತ್ತದೆ, ವೋಲ್ಟ್ ಆಂಪ್ ಎರಡಕ್ಕೂ ಅದರ ಸುಳಿವಿಲ್ಲ. ಮೂರನೆಯದು ಸೋರಿಕೆ. ಹಳೆಯ ಕಾಯಿಲಿನ ಹೊದಿಕೆ ಬಿರುಕುಬಿಟ್ಟು ತೇವ ಹೊಕ್ಕರೆ ಪಾತ್ರೆಯ ಮೈಗೆ ಕರೆಂಟ್ ಬರುತ್ತದೆ. ಮನುಷ್ಯನನ್ನು ಕೊಲ್ಲಲು ಬೇಕಾದದ್ದು ಆಂಪ್ ಮೀಟರಿನ ಮುಳ್ಳು ಅಲ್ಲಾಡದಷ್ಟು ಅಲ್ಪ ಪ್ರವಾಹ. ಅದಕ್ಕೆ ಅರ್ಥಿಂಗ್ ಬೇಕು, 30 ಮಿಲಿಆಂಪಿನ ಸೋರಿಕೆಗೇ ಕಡಿಯುವ ಆರ್‌ಸಿಸಿಬಿ ಬೇಕು, ಬೇರೆ ದಾರಿಯಿಲ್ಲ. ನೀರಿಗೆ ಬೇಕಾದದ್ದು ಕಾಯಿಲಿನ ಬಳಿ ಕೂರಿಸುವ, ಬಿಸಿ ಮಿತಿಮೀರಿದರೆ ಕಡಿಯುವ ಒಂದು ಕಟೌಟ್. ಸುಣ್ಣಕ್ಕೆ ಆಗಾಗ ಬಿಚ್ಚಿ ಹುಣಸೆಹುಳಿ ಹಾಕಿ ಉಜ್ಜುವ ಎರಡು ಕೈ.

ಬರೀ ಅಂಕಿ ನೋಡಿ ದೂರದ ಹೀಟರ್ ನಡೆಸುವವರು ಇದೇ ಜಿಲ್ಲೆಯಲ್ಲಿದ್ದಾರೆ. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಜನರ ಬಾಯಲ್ಲಿ ಎಂಸಿಎಫ್, 1982ರಿಂದ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಆ ಉಪಗ್ರಹಗಳ ಒಳಗೂ ಹೀಟರುಗಳಿವೆ. ಇಂಧನದ ಕೊಳವೆ, ಬ್ಯಾಟರಿ ತೀರಾ ತಣ್ಣಗಾಗದಂತೆ ಕಾಯಲು. ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸು ಒಂದೂವರೆ ತಿಂಗಳ ಕಾಲ ಉಪಗ್ರಹ ದಿನಕ್ಕೊಮ್ಮೆ ಭೂಮಿಯ ನೆರಳಿಗೆ ಹೋಗುತ್ತದೆ, ಹೆಚ್ಚೆಂದರೆ 72 ನಿಮಿಷ. ಆಗ ಸೌರಫಲಕದಿಂದ ಏನೂ ಬರುವುದಿಲ್ಲ, ಹೀಟರಿಗೂ ಬ್ಯಾಟರಿಯೇ ಗತಿ. ಪರದೆಯ ಮೇಲೆ ಬರುವ ವೋಲ್ಟ್, ಆಂಪ್, ಡಿಗ್ರಿ ಮೂರನ್ನೂ ಕೂಡಿಸಿ ಓದಬೇಕು. ಅವರು ವೋಲ್ಟ್ ಆಂಪ್‌ಗಳಷ್ಟನ್ನೇ ನಂಬದೆ ಪ್ರತಿ ಮುಖ್ಯ ಜಾಗದಲ್ಲೂ ತಾಪಮಾನದ ಸಂವೇದಕ ಇಟ್ಟಿರುವುದಕ್ಕೆ ಕಾರಣ, ಮೇಲೆ ಹೇಳಿದ ಅದೇ ಕಾರಣ: ಕರೆಂಟು ಹೋಯಿತು ಎಂಬುದಕ್ಕೂ ಶಾಖ ತಲುಪಬೇಕಾದ ಕಡೆ ತಲುಪಿತು ಎಂಬುದಕ್ಕೂ ವ್ಯತ್ಯಾಸವಿದೆ.

ಕಡೆಯದಾಗಿ ಎರಡು ಅಪಾಯಗಳ ಮಾತು. ಮುಂಗಾರಿನ ಗಾಳಿಗೆ ತೆಂಗಿನ ಗರಿ ಬಿದ್ದು ನ್ಯೂಟ್ರಲ್ ತಂತಿ ಕಡಿದರೆ, ಮೂರು ಫೇಸಿಗೆ ಹಂಚಿಹೋದ ಮನೆಗಳಲ್ಲಿ ಕೆಲವಕ್ಕೆ ವೋಲ್ಟೇಜು ಕುಸಿಯುತ್ತದೆ, ಕೆಲವಕ್ಕೆ 400ರ ಕಡೆಗೆ ಏರುತ್ತದೆ. ಟಿವಿ, ಫ್ರಿಜ್ಜು ಹೋಗುವುದು ಎಲ್ಲರಿಗೂ ಗೊತ್ತು. ವರ್ಗದ ಲೆಕ್ಕ ಹಾಕಿ ನೋಡಿ: 400ರಲ್ಲಿ ನಮ್ಮ 2000 ವ್ಯಾಟಿನ ಕಾಯಿಲ್ 6000 ವ್ಯಾಟ್ ಆಗುತ್ತದೆ, ಹದಿನೈದು ಆಂಪ್ ಎಳೆಯುತ್ತದೆ, 16ರ ಎಂಸಿಬಿ ಬೀಳುವುದೂ ಇಲ್ಲ. ಅದಕ್ಕೆ ಬೇಕಾದದ್ದು ಆಂಪ್ ನೋಡಿ ಕಡಿಯುವ ಸಾಧನವಲ್ಲ, 260, 270 ದಾಟಿದರೆ ವೋಲ್ಟೇಜು ನೋಡಿಯೇ ಕಡಿಯುವ ರಿಲೇ. ಮೀಟರಿನ ಜೊತೆಗೇ ರಿಲೇ ಸೇರಿರುವ ಪೆಟ್ಟಿಗೆಗಳು ಈಗ ಸಿಗುತ್ತವೆ.

ಇನ್ನೊಂದು ಅಪಾಯವನ್ನು ಪಂಪ್‌ಸೆಟ್ಟಿನಿಂದ ನಾವೇ ತಂದುಕೊಳ್ಳುತ್ತೇವೆ. ರಾತ್ರಿ ಎರಡಕ್ಕೆ ಮೂರು ಫೇಸ್ ಬಿಟ್ಟರೆ ಎದ್ದು ಹೋಗುವವರು ಯಾರು? ಹಾಗಾಗಿ ಸ್ಟಾರ್ಟರಿಗೆ ಆಟೋ ಹಾಕಿಸಿರುತ್ತಾರೆ, ಕರೆಂಟ್ ಬಂದ ಕೂಡಲೇ ಮೋಟಾರ್ ತಾನೇ ಹೊರಡುತ್ತದೆ. ಆಂಪ್ ನೋಡುವ ಪ್ರಿವೆಂಟರ್ ಇರುವುದರಿಂದ ಅಲ್ಲಿ ಅದು ನಡೆಯುತ್ತದೆ. ಬಟ್ಟಿಗೆ ಅದನ್ನು ಹಾಕಬಾರದು. ಕರೆಂಟ್ ಹೋದಾಗ ಮನೆಯವರು ಆಚೆ ಹೋಗಿರುತ್ತಾರೆ, ತಣಿಸುವ ನೀರಿನ ಟ್ಯಾಂಕು ಅಷ್ಟರಲ್ಲಿ ಖಾಲಿಯಾಗಿರುತ್ತದೆ, ಪಾತ್ರೆಯಲ್ಲಿ ಎಷ್ಟು ನೀರು ಉಳಿದಿದೆ ಎಂದು ಯಾರೂ ನೋಡಿರುವುದಿಲ್ಲ. ವೋಲ್ಟ್, ಆಂಪ್ ಇವುಗಳಲ್ಲಿ ಒಂದನ್ನೂ ಹೇಳುವುದಿಲ್ಲ. ಕರೆಂಟ್ ಹೋದರೆ ಬಿಟ್ಟುಕೊಂಡು, ಬಂದ ಮೇಲೂ ಗುಂಡಿ ಒತ್ತುವ ತನಕ ಹಿಡಿಯದ ಮಾಮೂಲಿ ಕಾಂಟ್ಯಾಕ್ಟರ್ ಒಂದನ್ನು ರೆಗ್ಯುಲೇಟರಿನ ಮುಂದೆ ಹಾಕಿಸಿ. ಮೋಟಾರ್ ಸ್ಟಾರ್ಟರಿನ ಒಳಗಿರುವುದೂ ಅದೇ, ಆಟೋ ಒಂದನ್ನು ಬಿಟ್ಟು. ಹೊಳೆನರಸೀಪುರದ ಯಾವ ವೈಂಡಿಂಗ್ ಅಂಗಡಿಯವರಿಗೂ ಅದನ್ನು ಕೂರಿಸಲು ಬರುತ್ತದೆ.